ಅಗ್ಗದ ಕಾಲದಲ್ಲಿ ಮಾಡಿಟ್ಟುಕೊಳ್ಳುವ ಟೊಮೆಟೊ ಸಾಸ್: ಕುದಿಸುವುದು, ತಣಿಸುವುದು, ಫ್ರೀಜರ್‌ಗೆ ಹಾಕುವುದು

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈನಲ್ಲಿ ಅಂಥ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಮುಂದೆ ಎರಡೇ ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಅಷ್ಟು ಜೋರಾಗಿ ಅಲ್ಲದಿದ್ದರೂ ಈ ಏರಿಳಿತ ನಮಗೆ ಹೊಸದಲ್ಲ. ಒಂದು ತಿಂಗಳು ಸಾರಿಗೆ ಒಂದೇ ಹಣ್ಣು ಹಾಕಿ ಹುಣಸೆಹುಳಿ ಜಾಸ್ತಿ ಮಾಡುತ್ತೇವೆ. ಇನ್ನೊಂದು ತಿಂಗಳು ರೈತರು ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾರೆ. ಆ ಅಗ್ಗದ ದಿನಗಳಲ್ಲಿ ಒಂದಿಷ್ಟು ಹೆಚ್ಚಿಗೆ ಕೊಂಡು, ಸಾಸ್ ಮಾಡಿ, ಫ್ರೀಜರ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ ಅಂತ ನನಗೆ ಅನ್ನಿಸುತ್ತದೆ. ಮನೆಗೂ ಲಾಭ, ಹಣ್ಣಿಗೂ ಮರ್ಯಾದೆ.

ಇಲ್ಲಿ ಸಾಸ್ ಅಂದರೆ ಸಮೋಸಕ್ಕೆ ನೆಂಚಿಕೊಳ್ಳುವ ಸಿಹಿ ಕೆಚಪ್ ಅಲ್ಲ. ಸಿಪ್ಪೆ, ಬೀಜ ತೆಗೆದು ಗಟ್ಟಿಯಾಗುವ ತನಕ ಕುದಿಸಿದ ಬರೀ ಟೊಮೆಟೊ. ಸಾರಿಗೆ, ಗೊಜ್ಜಿಗೆ, ಟೊಮೆಟೊ ಬಾತಿಗೆ, ಪನೀರ್ ಮಸಾಲೆಗೆ, ಮಕ್ಕಳು ಕೇಳುವ ಪಾಸ್ತಾಗೆ, ಪಿಜ್ಜಾಗೆ, ಎಲ್ಲದಕ್ಕೂ ಅದೇ ಬುನಾದಿ.

ನಾಲ್ಕು ಹಣ್ಣಿನಲ್ಲಿ ಸಾಸ್ ಮಾಡುವುದು ಯಾರಿಗೂ ಕಷ್ಟವಲ್ಲ. ಎಂಟು ಕೆಜಿ ಹಣ್ಣಿಗೆ ಹೋದಾಗಲೇ ತೊಂದರೆ ಶುರು. ಎಷ್ಟು ಕುದಿಸಿದರೂ ನೀರುನೀರು. ಗಟ್ಟಿಯಾಗುವಷ್ಟರಲ್ಲಿ ತಳ ಹಿಡಿಯುತ್ತದೆ. ಪಾತ್ರೆ ರಾತ್ರಿಯೆಲ್ಲ ಬಿಸಿಯಾಗಿಯೇ ಇರುತ್ತದೆ. ಫ್ರೀಜರ್‌ನಿಂದ ತೆಗೆದಾಗ ಕೆಂಪು ಬೇರೆ, ನೀರು ಬೇರೆ. ಇವೆಲ್ಲ ಬೇರೆ ಬೇರೆ ಸಮಸ್ಯೆ ಅನ್ನಿಸಿದರೂ ಮೂಲ ಒಂದೇ: ನೀರು. ಟೊಮೆಟೊದಲ್ಲಿ ಶೇ 94–95ರಷ್ಟು ನೀರೇ ಇದೆ. ಅದನ್ನು ಎಷ್ಟು ಹೊರಹಾಕುತ್ತೀರಿ, ಉಳಿದದ್ದನ್ನು ಎಷ್ಟು ಬೇಗ ತಣಿಸುತ್ತೀರಿ, ಎಷ್ಟು ಬೇಗ ಹೆಪ್ಪುಗಟ್ಟಿಸುತ್ತೀರಿ ಅನ್ನುವುದರ ಮೇಲೆ ಸಾಸಿನ ಗುಣ ನಿಂತಿದೆ.

ಯಾವ ಹಣ್ಣು, ಎಷ್ಟು ಹಣ್ಣು

ಸಂತೆಯಲ್ಲಿ ಎರಡು ಥರ ಸಿಗುತ್ತದೆ. ಒಂದು ನಾಟಿ. ಮೈಮೇಲೆ ಗೆರೆಗೆರೆ, ಚಪ್ಪಟೆ, ತೆಳು ಸಿಪ್ಪೆ, ಒಳಗೆ ತುಂಬ ರಸ, ಹುಳಿ ಜಾಸ್ತಿ. ಇನ್ನೊಂದು ಹೈಬ್ರಿಡ್. ಉದ್ದುದ್ದ ಇಲ್ಲವೇ ಚೌಕ ಗುಂಡು, ದಪ್ಪ ಸಿಪ್ಪೆ, ಗಟ್ಟಿ ತಿರುಳು. ಸಾರಿನ ರುಚಿಗೆ ನಾಟಿಯೇ ಮೇಲು ಅಂತ ನಾನೂ ಒಪ್ಪುತ್ತೇನೆ. ಆದರೆ ಸಾಸಿಗೆ ತಿರುಳು ಬೇಕು. ಬರೀ ನಾಟಿ ಹಣ್ಣಿನಲ್ಲಿ ಮಾಡಿದರೆ ಕುದಿಸುವ ಹೊತ್ತು ಹೆಚ್ಚು, ಸಿಗುವ ಸಾಸ್ ಕಡಿಮೆ, ಹುಳಿಯೂ ಗಾಢವಾಗುತ್ತದೆ. ಮೂರು ಪಾಲು ಹೈಬ್ರಿಡ್‌ಗೆ ಒಂದು ಪಾಲು ನಾಟಿ ಸೇರಿಸಿದರೆ ದಪ್ಪವೂ ಬರುತ್ತದೆ, ಹುಳಿಯೂ ಇರುತ್ತದೆ. ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಥರದ ಗಟ್ಟಿ ಹಣ್ಣು ನಿಮ್ಮ ಕಡೆ ಬೆಳೆಯುತ್ತಿದ್ದರೆ ಅದೂ ಸಾಸಿಗೆ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ಹಿತ್ತಲುಗಳಲ್ಲಿ ಟೊಮೆಟೊ ಬೆಳೆದು, ಆಗಸ್ಟ್‌ನಲ್ಲಿ ಏನು ಮಾಡುವುದಪ್ಪಾ ಇಷ್ಟನ್ನು ಅಂತ ಕೂರುವ ಕನ್ನಡಿಗರಿಗೆ ‘ರೋಮಾ’ ತಳಿ ಈ ಕೆಲಸಕ್ಕೆ ಸರಿಯಾದದ್ದು.

ಹಣ್ಣು ಪೂರ್ತಿ ಕೆಂಪಗೆ, ಒತ್ತಿದರೆ ಸ್ವಲ್ಪ ಮೆತ್ತಗೆ ಇರಬೇಕು. ಹಸಿರು ಭುಜ ಇರುವ ಹಣ್ಣನ್ನು ಫ್ರಿಜ್‌ಗೆ ಹಾಕಬೇಡಿ. ಪೇಪರ್ ಹಾಸಿ, ತೊಟ್ಟು ಕೆಳಗೆ ಮಾಡಿ, ಎರಡು ಮೂರು ದಿನ ಹೊರಗೇ ಇಡಿ. ಚಳಿಗೆ ಸಿಕ್ಕ ಅರೆಗಾಯಿ ಸರಿಯಾಗಿ ಹಣ್ಣಾಗುವುದಿಲ್ಲ, ಪರಿಮಳವೂ ಬರುವುದಿಲ್ಲ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಪೆಟ್ಟು ಬಿದ್ದ ಹಣ್ಣನ್ನು ಅರ್ಧ ಬೆಲೆಗೆ ಕೊಡುತ್ತಾರಲ್ವಾ, ಅವನ್ನು ಅದೇ ದಿನ ಬೇಯಿಸುವುದಾದರೆ ಧೈರ್ಯವಾಗಿ ಕೊಳ್ಳಿ. ಒಡಕು ಇದ್ದರೆ ಆ ಭಾಗ ಕೆತ್ತಿ ತೆಗೆದರೆ ಸಾಕು. ಬೂಸ್ಟು ಬಂದ ಹಣ್ಣನ್ನು ಮಾತ್ರ ಇಡಿಯಾಗಿ ಎಸೆಯಬೇಕು. ಟೊಮೆಟೊದಂಥ ಮೆತ್ತನೆ ಹಣ್ಣಿನಲ್ಲಿ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆಲ್ಲ ಹರಡಿರುತ್ತವೆ.

ಎಷ್ಟು ಕೊಳ್ಳಬೇಕು ಅಂತ ನಿರ್ಧರಿಸುವ ಮೊದಲು ಫ್ರೀಜರ್ ಬಾಗಿಲು ತೆರೆದು ನೋಡಿ. 8 ಕೆಜಿ ಹಣ್ಣಿನಲ್ಲಿ ತೊಟ್ಟು, ಸಿಪ್ಪೆ, ಬೀಜ ಕಳೆದು ಸುಮಾರು 7 ಕೆಜಿ ರಸ ಬರುತ್ತದೆ. ಅದನ್ನು ಅರ್ಧಕ್ಕೆ ಇಳಿಸಿದರೆ ಮೂರೂವರೆ ಕೆಜಿ ಸಾಸ್. ಮನೆ ಫ್ರೀಜರ್‌ಗೆ ಒಂದು ದಿನಕ್ಕೆ ಹೊಸದಾಗಿ ಹೆಪ್ಪುಗಟ್ಟಿಸುವ ಶಕ್ತಿ ಇಷ್ಟೇ ಅಂತ ಮಿತಿ ಇದೆ. ಪ್ರತಿ 28 ಲೀಟರ್ ಜಾಗಕ್ಕೆ ಒಂದರಿಂದ ಒಂದೂವರೆ ಕೆಜಿ ಅನ್ನುವುದು ಸಾಮಾನ್ಯ ಲೆಕ್ಕ. ಎರಡು ಬಾಗಿಲಿನ ಸಾಧಾರಣ ಫ್ರಿಜ್‌ನಲ್ಲಿ ಫ್ರೀಜರ್ ಭಾಗ 60 ಲೀಟರ್ ಇದ್ದರೆ ದಿನಕ್ಕೆ ಎರಡರಿಂದ ಮೂರು ಕೆಜಿ. ಅದಕ್ಕಿಂತ ಹೆಚ್ಚು ತುರುಕಿದರೆ ಹೊಸದೂ ಬೇಗ ಗಟ್ಟಿಯಾಗುವುದಿಲ್ಲ, ಮೊದಲೇ ಇದ್ದದ್ದೂ ಸಡಿಲವಾಗುತ್ತದೆ. ಹಾಗಾಗಿ ಇಡೀ 15 ಕೆಜಿ ಬಾಕ್ಸ್ ತಂದರೆ ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಿ, ಇಲ್ಲವೇ ಕೆಲಸವನ್ನು ಮೂರು ದಿನಕ್ಕೆ ಹರಡಿಕೊಳ್ಳಿ.

ಹೆಚ್ಚಿದ ಕ್ಷಣದಿಂದ ಓಟ ಶುರು

ಹೆಚ್ಚಿನವರಿಗೆ ಗೊತ್ತಿರದ ಸಂಗತಿ ಇದು. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಟೊಮೆಟೊ ತಿರುಳಿಗೆ ದಪ್ಪ ಕೊಡುವುದು ಪೆಕ್ಟಿನ್ ಅನ್ನುವ ಪದಾರ್ಥ. ಜಾಮ್ ಗಟ್ಟಿಯಾಗುವುದೂ ಇದರಿಂದಲೇ. ಈ ಪೆಕ್ಟಿನ್ ಉದ್ದನೆಯ ಸರಪಳಿಯಂತೆ ಇದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಹಣ್ಣಿನೊಳಗೆ ಪೆಕ್ಟಿನ್ನನ್ನು ತುಂಡು ಮಾಡುವ ಕಿಣ್ವಗಳೂ, ಅಂದರೆ ಎಂಜೈಮ್‌ಗಳೂ ಇವೆ. ಹಣ್ಣು ಇಡಿಯಾಗಿದ್ದಾಗ ಇವು ಒಂದನ್ನೊಂದು ಅಷ್ಟಾಗಿ ಮುಟ್ಟುವುದಿಲ್ಲ. ಚಾಕು ಹಾಕಿ ಹೆಚ್ಚಿದ ಕೂಡಲೇ, ಅದರಲ್ಲೂ ಹಸಿಯಾಗಿ ಮಿಕ್ಸಿಗೆ ಹಾಕಿದ ಕೂಡಲೇ, ಎಲ್ಲ ಬೆರೆತು ಕಿಣ್ವ ಕೆಲಸ ಶುರು ಮಾಡುತ್ತದೆ. ಕೆಲವೇ ನಿಮಿಷದಲ್ಲಿ ಪೆಕ್ಟಿನ್ ಸರಪಳಿ ತುಂಡಾಗಿ, ರಸ ತೆಳ್ಳಗಾಗುತ್ತದೆ. ಎಂಟು ಕೆಜಿ ಹಣ್ಣನ್ನು ಒಂದು ಗಂಟೆ ಕೂತು ಹೆಚ್ಚಿ, ಆಮೇಲೆ ಒಲೆ ಹಚ್ಚಿದರೆ ಅಷ್ಟರಲ್ಲಿ ಬಹಳಷ್ಟು ದಪ್ಪ ಕಳೆದುಹೋಗಿರುತ್ತದೆ. ಆ ಸಾಸನ್ನು ತಟ್ಟೆಗೆ ಹಾಕಿದರೆ ಸುತ್ತ ತಿಳಿನೀರಿನ ಉಂಗುರ ಬಿಡುತ್ತದೆ.

ಬಿಸಿಗೆ ಈ ಕಿಣ್ವಗಳು ಸಾಯುತ್ತವೆ. 85–90 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಅವುಗಳ ಆಟ ನಿಲ್ಲುತ್ತದೆ. ಕಾರ್ಖಾನೆಗಳಲ್ಲಿ ಗಟ್ಟಿ ಪೇಸ್ಟ್ ಮಾಡುವಾಗ ಹಣ್ಣು ಜಜ್ಜಿದ ತಕ್ಷಣ ಈ ಬಿಸಿಗೆ ಏರಿಸುವುದು ಇದಕ್ಕೇ. ಮನೆಯಲ್ಲಿ ಮಾಡುವ ದಾರಿ ಸುಲಭ. ದೊಡ್ಡ ಪಾತ್ರೆಯನ್ನು ಮೊದಲು ಒಲೆಗಿಡಿ. ನಾಲ್ಕೈದು ಹಣ್ಣು ಹೆಚ್ಚಿ ಹಾಕಿ, ಸೌಟಿನಲ್ಲಿ ಜಜ್ಜಿ, ಜೋರು ಉರಿಯಲ್ಲಿ ಕುದಿ ಬರಿಸಿ. ರಸ ತಳಮಳ ಕುದಿಯುತ್ತಿರುವಾಗ ಇನ್ನು ನಾಲ್ಕು ಹೆಚ್ಚಿ ಸೇರಿಸಿ. ಕುದಿ ನಿಲ್ಲದ ಹಾಗೆ, ಸ್ವಲ್ಪ ಸ್ವಲ್ಪವಾಗಿ, ಎಲ್ಲ ಹಣ್ಣೂ ಹೀಗೇ ಹೋಗಲಿ. ಒಬ್ಬರು ಹೆಚ್ಚಿ, ಒಬ್ಬರು ಒಲೆ ಮುಂದೆ ನಿಂತರೆ ಬೇಗ ಆಗುತ್ತದೆ. ಒಂದು ಲೋಟ ನೀರನ್ನೂ ಹಾಕುವ ಅಗತ್ಯವಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ದಾರಿಯೂ ಇದೆ. ಸಮಯವೇ ಇಲ್ಲದ ದಿನ ಹಣ್ಣನ್ನು ತೊಳೆದು, ಒರೆಸಿ, ಇಡಿಯಾಗಿ ಫ್ರೀಜರ್‌ಗೆ ಹಾಕಿಬಿಡಿ. ಬಿಡುವಾದಾಗ ಹೊರಗೆ ತೆಗೆದು ಜರಡಿಯಲ್ಲಿ ಕರಗಲು ಬಿಡಿ. ಸಿಪ್ಪೆ ಬೆರಳಿಗೇ ಜಾರಿ ಬರುತ್ತದೆ. ಮಂಜು ಹರಳುಗಳು ಹಣ್ಣಿನ ಕಣಗಳನ್ನು ಒಡೆದಿರುತ್ತವೆ, ಕಿಣ್ವಗಳೂ ತಮ್ಮ ಕೆಲಸ ಮಾಡಿರುತ್ತವೆ, ಹಾಗಾಗಿ ತೆಳು ನೀರು ತಾನಾಗೇ ಸೋರಿ ಕೆಳಗೆ ನಿಲ್ಲುತ್ತದೆ. ಅದನ್ನು ಸಾರಿಗೆ ತೆಗೆದಿಟ್ಟು, ಮೇಲುಳಿದ ತಿರುಳನ್ನಷ್ಟೇ ಬೇಯಿಸಿದರೆ ಕುದಿಸುವ ಹೊತ್ತು ಬಹಳ ಉಳಿಯುತ್ತದೆ. ನೀರು ಬೇರೆಯಾಗಲಿ ಅಂತಲೇ ಬಿಡುವ ದಾರಿ ಇದು. ಸಾಸ್ ಮೊದಲಿನದರಷ್ಟು ನುಣುಪಾಗಿರುವುದಿಲ್ಲ, ಆದರೆ ಗೊಜ್ಜು, ಬಾತ್‌ಗೆ ಏನೂ ಕೊರತೆಯಿಲ್ಲ.

ಸಿಪ್ಪೆ ತೆಗೆಯಬೇಕು, ಲೋಳೆ ಉಳಿಸಬೇಕು

ಹೈಬ್ರಿಡ್ ಹಣ್ಣಿನ ಸಿಪ್ಪೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಸುರುಳಿ ಸುತ್ತಿಕೊಂಡು ಬಾಯಿಗೆ ಸಿಗುತ್ತದೆ. ಸ್ವಲ್ಪ ಹಣ್ಣಾದರೆ ತಳದಲ್ಲಿ ಕೂಡಿಸುವ ಗುರುತಿನಂತೆ ಗೀರಿ, ಕುದಿಯುವ ನೀರಿಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಹಾಕಿ, ತಣ್ಣೀರಿಗೆ ಎತ್ತಿದರೆ ಸಿಪ್ಪೆ ಬಿಡುತ್ತದೆ. ಎಂಟು ಕೆಜಿಗೆ ಇದು ದೊಡ್ಡ ರಗಳೆ. ಸಿಪ್ಪೆ ಸಮೇತ ಬೇಯಿಸಿ ಆಮೇಲೆ ಸೋಸುವುದೇ ವಾಸಿ.

ಎಲ್ಲ ಹಣ್ಣು ಬೆಂದು ಮೆತ್ತಗಾದ ಮೇಲೆ ಕಡಗೋಲಿನಿಂದ ಚೆನ್ನಾಗಿ ಮಸೆಯಿರಿ. ಆಮೇಲೆ ಸ್ಟೀಲ್ ಜರಡಿಗೆ ಹಾಕಿ ಸೌಟಿನ ಬೆನ್ನಿನಿಂದ ಉಜ್ಜಿ. ಕೊನೆಗೆ ಜರಡಿಯಲ್ಲಿ ಒಣಗಿದಂತಿರುವ ಸಿಪ್ಪೆ, ಬೀಜ ಮಾತ್ರ ಉಳಿಯಬೇಕು. ಜರಡಿಯ ಹೊರಬದಿಗೆ ಅಂಟಿಕೊಳ್ಳುವ ದಪ್ಪ ಪದರವನ್ನು ಮರೆಯದೆ ಕೆರೆದು ಸೇರಿಸಿ, ಪೆಕ್ಟಿನ್ ಹೆಚ್ಚಾಗಿರುವುದು ಅಲ್ಲೇ. ಮಿಕ್ಸಿ ಬಳಸುವುದಾದರೆ ಸ್ವಲ್ಪ ಆರಿದ ಮೇಲೆ ಬಿಟ್ಟು ಬಿಟ್ಟು ಎರಡು ಸುತ್ತು ಸಾಕು. ಜೋರಾಗಿ ತಿರುಗಿಸಿದರೆ ಬೀಜ ಒಡೆದು ಕಹಿ ಬರುತ್ತದೆ. ಗಾಳಿ ಸೇರಿ ಸಾಸ್ ಕೆಂಪು ಬಿಟ್ಟು ಗುಲಾಬಿಯಾಗುತ್ತದೆ. ಹೆದರಬೇಡಿ, ಕುದಿಯುತ್ತಾ ಗಾಳಿ ಹೋದಂತೆ ಬಣ್ಣ ವಾಪಸು ಬರುತ್ತದೆ.

ಬೀಜದ ಸುತ್ತಲಿನ ಲೋಳೆಯನ್ನು ಕೆಲವರು ನೀರು ಕಡಿಮೆಯಾಗಲಿ ಅಂತ ಹಿಂಡಿ ಎಸೆಯುತ್ತಾರೆ. ಅದು ದೊಡ್ಡ ನಷ್ಟ. ಟೊಮೆಟೊಗೆ ಇರುವ ಆ ಮಾಂಸಲ ರುಚಿ ಬರುವುದು ಗ್ಲುಟಮೇಟ್‌ನಿಂದ, ಅದು ತಿರುಳಿಗಿಂತ ಲೋಳೆಯಲ್ಲಿ ಜಾಸ್ತಿ ಇದೆ. ಹುಳಿಯೂ ಅಲ್ಲೇ ಹೆಚ್ಚು. ಬೀಜ ಜರಡಿಯಲ್ಲಿ ಉಳಿಯಲಿ, ಲೋಳೆ ಕೆಳಗಿಳಿಯಲಿ.

ಅರ್ಧಕ್ಕೆ ಇಳಿಸುವ ಲೆಕ್ಕ

ಹಸಿ ಟೊಮೆಟೊದಲ್ಲಿ ನೀರು ಬಿಟ್ಟು ಉಳಿಯುವ ಸಾರಾಂಶ ಶೇ 5ರ ಆಸುಪಾಸು. ಅರ್ಧಕ್ಕೆ ಇಳಿಸಿದರೆ ಅದು ಶೇ 10 ಆಗುತ್ತದೆ. ಇದು ಅಂಗಡಿಯಲ್ಲಿ ಸಿಗುವ ಪ್ಯೂರಿಯಷ್ಟು ದಪ್ಪ. ಐದನೇ ಒಂದು ಭಾಗಕ್ಕೆ ಇಳಿಸಿದರೆ ಶೇ 25, ಅದು ಪೇಸ್ಟ್. ಮನೆ ಬಳಕೆಗೆ ಅರ್ಧವೇ ಸರಿಯಾದ ಹದ. ಫ್ರೀಜರ್‌ನಲ್ಲಿ ಜಾಗ ಅರ್ಧ ಉಳಿಯುತ್ತದೆ, ರುಚಿ ಜಾಮ್ ಕಡೆಗೆ ತಿರುಗುವುದಿಲ್ಲ. ಪಿಜ್ಜಾಗೆ ಇನ್ನೂ ಗಟ್ಟಿ ಬೇಕಾದರೆ ಮಾಡುವ ದಿನ ಮತ್ತೆ ಐದು ನಿಮಿಷ ಕುದಿಸಿಕೊಳ್ಳಬಹುದು.

7 ಕೆಜಿ ರಸ ಮೂರೂವರೆ ಕೆಜಿ ಆಗಬೇಕು ಅಂದರೆ ಮೂರೂವರೆ ಲೀಟರ್ ನೀರು ಆವಿಯಾಗಿ ಹೋಗಬೇಕು. ನೀರನ್ನು ಕುದಿಯುವ ತನಕ ಬಿಸಿ ಮಾಡುವುದಕ್ಕಿಂತ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡುವುದಕ್ಕೆ ಏಳು ಪಟ್ಟು ಹೆಚ್ಚು ಶಾಖ ಬೇಕು. ದೊಡ್ಡ ಪಾತ್ರೆ ಗಂಟೆಗಟ್ಟಲೆ ಹಿಡಿಯುವುದು ಅದಕ್ಕೇ. ಮನೆಯ ಒಲೆಯಲ್ಲಿ ಇಷ್ಟು ನೀರು ಓಡಿಸಲು ಸುಮಾರು 350 ಗ್ರಾಮ್ ಗ್ಯಾಸ್ ಬೇಕಾಗುತ್ತದೆ ಅಂತ ಲೆಕ್ಕ ಹಾಕಬಹುದು. 14.2 ಕೆಜಿ ಸಿಲಿಂಡರ್‌ನಲ್ಲಿ ಅದು ನಲವತ್ತನೇ ಒಂದು ಭಾಗ. ಟೊಮೆಟೊ ಕೆಜಿಗೆ ಹತ್ತು ರೂಪಾಯಿ ಇದ್ದಾಗ ಇದು ಖಂಡಿತ ಗಿಟ್ಟುತ್ತದೆ. ನಲವತ್ತು ಇದ್ದಾಗ ಫ್ರೀಜರ್ ತುಂಬಿಸುವ ಉಸಾಬರಿ ಬೇಡ.

ಆವಿ ಹೋಗುವುದು ಮೇಲ್ಮೈಯಿಂದ. ಹಾಗಾಗಿ ಎತ್ತರದ ಪಾತ್ರೆಗಿಂತ ಅಗಲದ್ದು ಮೇಲು. ರಸವನ್ನು ಎರಡು ಅಗಲ ಪಾತ್ರೆಗೆ ಹಂಚಿ ಎರಡು ಒಲೆಯಲ್ಲಿಟ್ಟರೆ ಹೆಚ್ಚು ಕಡಿಮೆ ಅರ್ಧ ಹೊತ್ತಿನಲ್ಲಿ ಆಗುತ್ತದೆ. ಮುಚ್ಚಳ ಮುಚ್ಚಬೇಡಿ. ಕುಕ್ಕರ್‌ನಲ್ಲಿ ಹಣ್ಣು ಬೇಯುತ್ತದೆ ನಿಜ, ನೀರು ಎಲ್ಲಿಗೂ ಹೋಗುವುದಿಲ್ಲ. ದಪ್ಪ ತಳದ ಸ್ಟೀಲ್ ಪಾತ್ರೆ ಒಳ್ಳೆಯದು. ಹುಳಿ ಪದಾರ್ಥ ಗಂಟೆಗಟ್ಟಲೆ ಕುದಿಯುವುದರಿಂದ ಬರೀ ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆ ಬೇಡ. ಅಟ್ಟದ ಮೇಲಿನ ದೊಡ್ಡ ಹಿತ್ತಾಳೆ ಪಾತ್ರೆಯನ್ನು ಕಲಾಯಿ ಇಲ್ಲದೆ ಈ ಕೆಲಸಕ್ಕೆ ಇಳಿಸಲೇಬಾರದು.

ಒಲೆ ಮುಂದೆ ನಿಂತರೆ ಗುಳ್ಳೆಗಳೇ ಹದ ಹೇಳುತ್ತವೆ. ಮೊದಲ ಅರ್ಧ ಗಂಟೆ ಮೇಲೆಲ್ಲ ತಿಳಿಗುಲಾಬಿ ನೊರೆ, ಸಣ್ಣ ಸಣ್ಣ ಗುಳ್ಳೆ. ಆಗ ಉರಿ ಜೋರಾಗಿರಬಹುದು, ಆಗಾಗ ಕೈಯಾಡಿಸಿದರೆ ಸಾಕು. ನೊರೆ ಅಡಗಿ ಬಣ್ಣ ಗಾಢವಾದಾಗ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ ಏಳುತ್ತದೆ. ಆಮೇಲೆ ‘ಬುಳಕ್, ಬುಳಕ್’ ಅಂತ ಸದ್ದು ಮಾಡಿ ಗೋಡೆಗೆಲ್ಲ ಎಗರುವ ಹಂತ. ದಪ್ಪ ಸಾಸಿನ ತಳದಲ್ಲಿ ಸಿಕ್ಕಿಕೊಂಡ ಹಬೆ ಒಮ್ಮೆಲೇ ಒಡೆದು ಬರುವುದರಿಂದ ಹೀಗಾಗುತ್ತದೆ. ಕೈ ಸುಡುವುದೂ, ತಳ ಹಿಡಿಯುವುದೂ ಈಗಲೇ. ಉರಿ ಸಣ್ಣ ಮಾಡಿ, ಉದ್ದ ಹಿಡಿಯ ಮರದ ಸೌಟು ಹಿಡಿದು, ತಳ ಮುಟ್ಟುವ ಹಾಗೆ ತಿರುವುತ್ತಿರಿ. ಮಕ್ಕಳನ್ನು ದೂರ ಇಡಿ. ಅಕಸ್ಮಾತ್ ತಳ ಹಿಡಿದರೆ ಕೆರೆಯಲು ಹೋಗಬೇಡಿ. ಮೇಲಿನದನ್ನು ಸುಮ್ನೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ, ಸೀದ ವಾಸನೆ ಅಲ್ಲೇ ಉಳಿಯುತ್ತದೆ.

ಅರ್ಧ ಆಯಿತಾ ಅಂತ ತಿಳಿಯಲು ಶುರುವಿನಲ್ಲೇ ಸೌಟನ್ನು ನೇರ ನಿಲ್ಲಿಸಿ ರಸ ಎಲ್ಲಿವರೆಗೆ ಬಂತು ನೋಡಿಟ್ಟುಕೊಳ್ಳಿ. ಕೊನೆಯ ಪರೀಕ್ಷೆ ತಟ್ಟೆಯಲ್ಲಿ. ಒಂದು ಚಮಚ ಹಾಕಿ ಒಂದು ನಿಮಿಷ ಬಿಡಿ. ಅಂಚಿನಲ್ಲಿ ನೀರು ಬಿಡದಿದ್ದರೆ ಇಳಿಸಬಹುದು.

ಏನು ಹಾಕಬೇಕು, ಏನು ಹಾಕಬಾರದು

ನನ್ನ ಅಭಿಪ್ರಾಯ ಸ್ಪಷ್ಟ: ಏನೂ ಹಾಕಬೇಡಿ. ಇಟಲಿಯ ದಕ್ಷಿಣದ ಊರುಗಳಲ್ಲಿ ಬೇಸಿಗೆಯ ಕೊನೆಗೆ ಮನೆಮಂದಿಯೆಲ್ಲ ಸೇರಿ ವರ್ಷಕ್ಕಾಗುವಷ್ಟು ‘ಪಸ್ಸಾಟಾ’ ಮಾಡುತ್ತಾರೆ. ಅದೂ ಸೋಸಿದ ಬರೀ ಟೊಮೆಟೊ, ಜಾಸ್ತಿ ಅಂದರೆ ಒಂದು ತುಳಸಿ ಜಾತಿಯ ಎಲೆ. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಎಲ್ಲ ಅಡುಗೆ ಮಾಡುವ ದಿನ. ಬರೀ ಟೊಮೆಟೊ ಇದ್ದರೆ ಅದು ಇವತ್ತು ಸಾರು, ನಾಳೆ ಪಾಸ್ತಾ ಆಗಬಹುದು. ಈಗಲೇ ಮಸಾಲೆ ಹಾಕಿದರೆ ಒಂದೇ ಅಡುಗೆಗೆ ಕಟ್ಟಿಹಾಕಿದ ಹಾಗೆ.

ಚಳಿಯಲ್ಲಿ ಮಸಾಲೆಯ ಗುಣವೂ ಬದಲಾಗುತ್ತದೆ. ಬೆಳ್ಳುಳ್ಳಿ, ಮೆಣಸು, ಲವಂಗ ತಿಂಗಳುಗಟ್ಟಲೆ ಫ್ರೀಜರ್‌ನಲ್ಲಿದ್ದರೆ ಖಾರವಾಗಿ, ಕಹಿಯಾಗುತ್ತವೆ. ಈರುಳ್ಳಿಯ ರುಚಿ ಬೇರೆಯಾಗುತ್ತದೆ. ಎಣ್ಣೆ, ಬೆಣ್ಣೆ ಜಾಸ್ತಿ ಇದ್ದರೆ ನಿಧಾನವಾಗಿ ಕನರು ವಾಸನೆ ಬರುತ್ತದೆ, ಉಪ್ಪು ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಟೊಮೆಟೊದ ಕೆಂಪು ಬಣ್ಣದ ಲೈಕೋಪೀನ್ ಎಣ್ಣೆಯಲ್ಲಿ ಕರಗುವಂಥದ್ದು, ಬೆಂದ ಟೊಮೆಟೊಗೆ ಎಣ್ಣೆ ಸೇರಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ ಅನ್ನುವುದು ನಿಜ. ಆ ಎಣ್ಣೆಯನ್ನು ಒಗ್ಗರಣೆಯ ದಿನ ಹಾಕಿದರೂ ಅಷ್ಟೇ ಫಲ. ಉಪ್ಪು ಹಾಕಲೇಬೇಕು ಅನ್ನಿಸಿದರೆ ಕುದಿಸಿ ಇಳಿಸಿದ ಮೇಲೆ ಸ್ವಲ್ಪ. ಮೊದಲೇ ಹಾಕಿದರೆ ಅರ್ಧಕ್ಕೆ ಇಳಿಯುವಾಗ ಉಪ್ಪು ದುಪ್ಪಟ್ಟಾಗಿ ಕೂರುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಸಾಸನ್ನು ಬಿಸಿಬಿಸಿಯಾಗಿ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆ ಶೆಲ್ಫಿನಲ್ಲಿ ಇಡಬೇಡಿ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನ ಬಿಸಿಗೂ ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ ಕಡೆ ಅವು ಮೊಳೆತು ಪ್ರಾಣಕ್ಕೇ ಕುತ್ತು ತರುವ ವಿಷ ಮಾಡುತ್ತವೆ. ಬಣ್ಣ, ವಾಸನೆಯಿಂದ ಅದು ಗೊತ್ತಾಗಬೇಕೆಂದಿಲ್ಲ. ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ, ಅಂದರೆ ಸಾಕಷ್ಟು ಹುಳಿ ಇದ್ದರೆ, ಈ ಭಯವಿಲ್ಲ. ಟೊಮೆಟೊ ಸರಿಯಾಗಿ ಆ ಗಡಿಯ ಹತ್ತಿರವೇ ನಿಂತಿದೆ. ಬಹಳ ಮಾಗಿದ ಹಣ್ಣು, ಸೇರಿಸಿದ ಈರುಳ್ಳಿ, ಬೆಳ್ಳುಳ್ಳಿ, ತರಕಾರಿ ಅದನ್ನು ಗಡಿ ದಾಟಿಸಬಹುದು. ಅದಕ್ಕೇ ಬಾಟಲಿ ಕಟ್ಟುವವರು ಅಳತೆ ಮಾಡಿ ನಿಂಬೆರಸ ಇಲ್ಲವೇ ಸಿಟ್ರಿಕ್ ಆಮ್ಲ ಹಾಕಿ, ಬಾಟಲಿಯನ್ನೂ ನಿಯಮದಂತೆ ಕುದಿಸುತ್ತಾರೆ. ಅಂಗಡಿಯ ಕೆಚಪ್‌ನಲ್ಲಿ ವಿನೆಗರ್, ಸಕ್ಕರೆ ಇರುವುದಕ್ಕೂ ಇದೇ ಕಾರಣ. –18 ಡಿಗ್ರಿಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಸಕ್ಕರೆ, ವಿನೆಗರ್, ಪ್ರಿಸರ್ವೇಟಿವ್ ಯಾವುದೂ ಬೇಡದೆ ಟೊಮೆಟೊವನ್ನು ಟೊಮೆಟೊ ಆಗಿಯೇ ಇಡಬಹುದಾದ ದಾರಿ ಫ್ರೀಜರ್ ಒಂದೇ. ಆದರೆ ಚಳಿ ಬ್ಯಾಕ್ಟೀರಿಯಾವನ್ನು ಸಾಯಿಸುವುದಿಲ್ಲ, ಸುಮ್ಮನಿರಿಸುತ್ತದೆ ಅಷ್ಟೇ. ಅದಕ್ಕೇ ಫ್ರೀಜರ್‌ಗೆ ಹೋಗುವ ಮೊದಲಿನ ಕೆಲವು ಗಂಟೆ ಮುಖ್ಯ.

ಬೇಗ ತಣಿಯಲಿ

ಬಿಸಿ ಆಹಾರ 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯಲ್ಲಿ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯಲ್ಲಿ ಇಳಿಯಬೇಕು ಅನ್ನುವುದು ದೊಡ್ಡ ಅಡುಗೆಮನೆಗಳು ಪಾಲಿಸುವ ನಿಯಮ. ಮೂರೂವರೆ ಕೆಜಿ ಸಾಸನ್ನು ಕುದಿಸಿದ ಪಾತ್ರೆಯಲ್ಲೇ ಬಿಟ್ಟರೆ ಇದು ಸಾಧ್ಯವೇ ಇಲ್ಲ. ನೀರಾದರೆ ಬಿಸಿ ಮೇಲೆ, ತಂಪು ಕೆಳಗೆ ಅಂತ ತಾನೇ ಸುತ್ತಾಡಿ ತಣಿಯುತ್ತದೆ. ದಪ್ಪ ಸಾಸಿನಲ್ಲಿ ಆ ಓಡಾಟವಿಲ್ಲ. ಶಾಖ ಪದರದಿಂದ ಪದರಕ್ಕೆ ದಾಟಿಯೇ ಹೊರಬರಬೇಕು. ಹೀಗಾದಾಗ ಆಳ ಎರಡು ಪಟ್ಟಾದರೆ ತಣಿಯುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ.

ಸಾಸನ್ನು ಅಗಲದ ಸ್ಟೀಲ್ ತಟ್ಟೆ, ಪರಾತಗಳಿಗೆ ಎರಡು ಬೆರಳು ಎತ್ತರಕ್ಕೆ ಹರಡಿ. ಸಿಂಕಿನಲ್ಲಿ ತಣ್ಣೀರು ನಿಲ್ಲಿಸಿ, ಐಸ್ ಇದ್ದರೆ ಹಾಕಿ, ಅದರೊಳಗೆ ತಟ್ಟೆ ಇಟ್ಟು ನಡುನಡುವೆ ಕೈಯಾಡಿಸಿ. ಮುಕ್ಕಾಲು ಗಂಟೆಯೊಳಗೆ ಕೈಗೆ ಬಿಸಿ ತಾಗುವುದಿಲ್ಲ. ಆಮೇಲೆ ಮುಚ್ಚಿ ಫ್ರಿಜ್‌ನ ಕೆಳಭಾಗಕ್ಕೆ. ರಾತ್ರಿಯಿಡೀ ಅಲ್ಲಿ ಚೆನ್ನಾಗಿ ತಂಪಾಗಲಿ, ಬೆಳಗ್ಗೆ ಪ್ಯಾಕೆಟ್ ಮಾಡಿದರೆ ಫ್ರೀಜರ್‌ಗೂ ಹೊರೆ ಕಡಿಮೆ.

ಚಪ್ಪಟೆ ಪ್ಯಾಕೆಟ್

ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗುತ್ತದೆ. ದೊಡ್ಡ ಹರಳು ಕರಗಿದಾಗ ನೀರು ಬೇರೆಯಾಗಿ ನಿಲ್ಲುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಚಿಕ್ಕದು, ಸಾಸ್ ಹಾಗೇ ಉಳಿಯುತ್ತದೆ. ತಣಿಯುವಾಗಿನ ಆಳದ ಲೆಕ್ಕವೇ ಇಲ್ಲೂ ನಡೆಯುತ್ತದೆ. ಹಾಗಾಗಿ ಒಂದು ಕೆಜಿಯ ಗುಂಡು ಡಬ್ಬಿಗಿಂತ ಅರ್ಧ ಕೆಜಿಯ ಚಪ್ಪಟೆ ಪ್ಯಾಕೆಟ್ ಎಷ್ಟೋ ಮೇಲು.

ಆಹಾರಕ್ಕೆಂದೇ ಮಾಡಿದ ದಪ್ಪ ಜಿಪ್ ಕವರ್ ತೆಗೆದುಕೊಳ್ಳಿ. ಬಾಯಿಯನ್ನು ಹೊರಕ್ಕೆ ಮಡಚಿ, ಲೋಟದಲ್ಲಿ ನಿಲ್ಲಿಸಿ ತುಂಬಿದರೆ ಜಿಪ್ಪಿಗೆ ಸಾಸ್ ಮೆತ್ತುವುದಿಲ್ಲ. ಮೇಜಿನ ಮೇಲೆ ಮಲಗಿಸಿ, ಅಂಗೈಯಿಂದ ಬೆರಳು ದಪ್ಪಕ್ಕೆ ಸವರಿ, ಗಾಳಿಯನ್ನೆಲ್ಲ ಬಾಯಿ ಕಡೆಗೆ ತಳ್ಳಿ ಮುಚ್ಚಿ. ಒಳಗೆ ಗಾಳಿ ಉಳಿದರೆ ಸಾಸಿನ ಮೇಲಿನ ಮಂಜು ನೇರ ಆವಿಯಾಗಿ ಕವರಿನ ಒಳಬದಿಗೆ ಹರಳುಗಟ್ಟುತ್ತದೆ, ಮೇಲ್ಪದರ ಒಣಗಿ ಬಿಳಚುತ್ತದೆ. ತಟ್ಟೆಯ ಮೇಲೆ ಒಂದೊಂದೇ ಮಲಗಿಸಿ ಫ್ರೀಜರ್‌ಗಿಡಿ. ಗಟ್ಟಿಯಾದ ಮೇಲೆ ಕಡತಗಳ ಹಾಗೆ ನಿಲ್ಲಿಸಿಡಬಹುದು. ತಾರೀಕು ಬರೆಯುವುದನ್ನು ಗಟ್ಟಿಯಾಗುವ ಮೊದಲೇ ಮಾಡಿ, ಒದ್ದೆ ಕವರಿನ ಮೇಲೆ ಪೆನ್ ಹತ್ತುವುದಿಲ್ಲ.

ಡಬ್ಬಿಯಲ್ಲೇ ಇಡುವುದಾದರೆ ಮೇಲೆ ಒಂದು ಇಂಚು ಖಾಲಿ ಬಿಡಬೇಕು. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಕುತ್ತಿಗೆ ಸಣ್ಣದಿರುವ ಗಾಜಿನ ಬಾಟಲಿ ಇದರಿಂದಲೇ ಒಡೆಯುವುದು. ಬಿಸಿ ಸಾಸನ್ನು ತೆಳು ಪ್ಲಾಸ್ಟಿಕ್ ಕವರಿಗೆ ಹಾಕುವುದಂತೂ ಯಾವ ಕಾರಣಕ್ಕೂ ಬೇಡ.

ಸಾರಿಗೆ, ಪಲ್ಯಕ್ಕೆ ಚೂರುಪಾರು ಬೇಕಾಗುತ್ತದಲ್ವಾ, ಅದಕ್ಕೆ ಒಂದಿಷ್ಟನ್ನು ಐಸ್ ಟ್ರೇಗೆ ತುಂಬಿ, ಗಟ್ಟಿಯಾದ ಮೇಲೆ ಬಿಡಿಸಿ ಕವರಿಗೆ ಹಾಕಿಡಿ. ಅರ್ಧಕ್ಕೆ ಇಳಿಸಿದ ಸಾಸಿನಲ್ಲಿ ಎರಡು ಕ್ಯೂಬ್ ಅಂದರೆ ಹೆಚ್ಚು ಕಡಿಮೆ ಒಂದು ಮಧ್ಯಮ ಗಾತ್ರದ ಟೊಮೆಟೊ.

–18 ಡಿಗ್ರಿ ಇರುವ ಫ್ರೀಜರ್‌ನಲ್ಲಿ ಆರು ತಿಂಗಳು ರುಚಿ ಚೆನ್ನಾಗಿರುತ್ತದೆ. ಆಮೇಲೂ ಕೆಡುವುದಿಲ್ಲ, ಬಣ್ಣ, ಪರಿಮಳ ಮಂಕಾಗುತ್ತಾ ಹೋಗುತ್ತದೆ. ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳ ಐಸ್ ಪೆಟ್ಟಿಗೆ ಎಷ್ಟೋ ಸಲ ಅಷ್ಟು ತಣ್ಣಗೆ ಹೋಗುವುದಿಲ್ಲ. ಅಂಥದ್ದರಲ್ಲಿ ಸ್ವಲ್ಪವೇ ಮಾಡಿ, ಒಂದು ತಿಂಗಳೊಳಗೆ ಮುಗಿಸಿ.

ಕರೆಂಟ್ ಹೋದಾಗ

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ತುಂಬಿದ ಡೀಪ್ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಫ್ರಿಜ್‌ನ ಸಣ್ಣ ಫ್ರೀಜರ್‌ಗೆ ಇದಕ್ಕಿಂತ ಕಡಿಮೆ ಅಂತ ಇಟ್ಟುಕೊಳ್ಳಿ. ಖಾಲಿ ಜಾಗ ಇದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಇಟ್ಟರೆ ಅವೇ ಮಂಜುಗಡ್ಡೆಯಾಗಿ ತಂಪು ಹಿಡಿದಿಡುತ್ತವೆ. ಊರಿಗೆ ಹೋಗುವಾಗ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸು ಬಂದಾಗ ನಾಣ್ಯ ತಳ ಸೇರಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆ ಪ್ಯಾಕೆಟ್‌ಗಳನ್ನು ಎಸೆಯುವುದೇ ಸರಿ. ಕಣ್ಣೆದುರೇ ಕರೆಂಟ್ ಹೋಗಿ ಬಂದಿದ್ದು, ಪ್ಯಾಕೆಟ್ ಒಳಗೆ ಇನ್ನೂ ಮಂಜಿನ ಹರಳು ಸಿಗುತ್ತಿದ್ದರೆ ಧಾರಾಳವಾಗಿ ಮತ್ತೆ ಗಟ್ಟಿಯಾಗಲು ಬಿಡಬಹುದು.

ಬಳಸುವಾಗ ಕರಗಿಸುತ್ತಾ ಕೂರುವುದು ಬೇಡ. ಚಪ್ಪಟೆ ಪ್ಯಾಕೆಟ್‌ನಿಂದ ಬೇಕಾದಷ್ಟು ಮುರಿದು ಒಗ್ಗರಣೆಗೇ ಹಾಕಿ, ಚೆನ್ನಾಗಿ ಕುದಿ ಬರಲಿ. ಸ್ವಲ್ಪ ನೀರು ಬಿಟ್ಟಂತೆ ಕಂಡರೂ ಎರಡು ಮೂರು ನಿಮಿಷ ಕುದಿಯುವಷ್ಟರಲ್ಲಿ ಸೇರಿಕೊಳ್ಳುತ್ತದೆ. ಸಾರಿಗೆ ಹಾಕುವಾಗ ಹುಣಸೆಹುಳಿಯನ್ನು ಮೊದಲು ಅರ್ಧವೇ ಹಾಕಿ ರುಚಿ ನೋಡಿ, ಏಕೆಂದರೆ ಇಳಿಸಿದ ಸಾಸಿನಲ್ಲಿ ಹುಳಿ ಗಾಢವಾಗಿರುತ್ತದೆ. ಹೆಚ್ಚಿದ ಹಸಿ ಟೊಮೆಟೊದ ಆ ಎಲೆಯಂಥ ಪರಿಮಳ ಮಾತ್ರ ಕುದಿಯುವಾಗಲೇ ಹಾರಿಹೋಗಿರುತ್ತದೆ. ಅದು ಬೇಕೇ ಬೇಕು ಅನ್ನಿಸುವ ತಿಳಿಸಾರಿಗೆ ಕ್ಯೂಬ್‌ಗಳ ಜೊತೆ ಒಂದು ತಾಜಾ ನಾಟಿ ಹಣ್ಣನ್ನು ಕೊನೆಯಲ್ಲಿ ಕಿವುಚಿ ಹಾಕಿ, ಒಂದೇ ಕುದಿ ಬರಿಸಿ ಇಳಿಸಿ.